ಹಿಕಾರಿ ಯಾಕೆ ದಾರಿ ಬಿಟ್ಟು ನಿಲ್ಲುತ್ತದೆ?

ಪ್ರಶ್ನೆ: ಸರ್, ನಮ್ಮ ಮಗಳು ಅಳಿಯ ಜಪಾನಿನಲ್ಲಿದ್ದಾರೆ. ಅವರನ್ನು ನೋಡಲು ಹೋದಾಗ ಪ್ರವಾಸಿಗಳ ರೈಲು ಪಾಸ್ ಮಾಡಿಸಿಕೊಂಡು ಟೋಕಿಯೋದಿಂದ ಕ್ಯೋಟೋಗೆ ಬುಲೆಟ್ ಟ್ರೈನಿನಲ್ಲಿ ಹೋದೆವು. ಅದರ ಹೆಸರು 'ಹಿಕಾರಿ'. ದಾರಿಯಲ್ಲಿ ಅಲ್ಲಲ್ಲಿ ನಾಲ್ಕೈದು ನಿಮಿಷ ನಿಂತಿತು. ಆಗ ಪಕ್ಕದ ಹಳಿಯಲ್ಲಿ ಇನ್ನೊಂದು ರೈಲು ಭರ್ರನೆ ಹೋಯಿತು. ಅದು 'ನೊಝೊಮಿ' ಅಂತೆ. ಒಂದು ಕಾಲಕ್ಕೆ ಹಿಕಾರಿಯೇ ಪ್ರಪಂಚದಲ್ಲಿ ಎಲ್ಲಕ್ಕಿಂತ ವೇಗದ ರೈಲಾಗಿತ್ತು ಎಂದು ಅಳಿಯ ಹೇಳಿದರು. ನಿಜವೇ? ನಿಜವಾದರೆ ಈಗ ಅದು ಬೇರೆ ರೈಲಿಗೆ ದಾರಿ ಬಿಟ್ಟು ನಿಲ್ಲುವುದು ಯಾಕೆ? (ಓದುಗರು, ದಾವಣಗೆರೆ)

ಉತ್ತರ: ಅಳಿಯಂದಿರು ಹೇಳಿದ್ದು ನೂರಕ್ಕೆ ನೂರು ನಿಜ. 1964ರ ಅಕ್ಟೋಬರ್ 1ರ ಬೆಳಿಗ್ಗೆ ಸರಿಯಾಗಿ 6 ಗಂಟೆಗೆ ಟೋಕಿಯೋದಿಂದ 'ಹಿಕಾರಿ 1' ಹೊರಟಿತು. ಅದೇ ಹೊತ್ತಿಗೆ ಆ ತುದಿಯಲ್ಲಿ ಶಿನ್-ಒಸಾಕಾದಿಂದ 'ಹಿಕಾರಿ 2' ಹೊರಟಿತು. ಗರಿಷ್ಠ ವೇಗ ಗಂಟೆಗೆ 210 ಕಿ.ಮೀ. ಜನ ದಿನವೂ ಟಿಕೆಟ್ ತಗೊಂಡು ಹತ್ತುವ ರೈಲು ಅಷ್ಟು ವೇಗದಲ್ಲಿ ಓಡಿದ್ದು ಪ್ರಪಂಚದಲ್ಲಿ ಅದೇ ಮೊದಲು. ಹತ್ತನೇ ದಿನಕ್ಕೆ ಟೋಕಿಯೋ ಒಲಿಂಪಿಕ್ಸ್ ಶುರುವಾಯಿತು.

ನಾನು ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುವ ವಿಭಾಗದಲ್ಲಿ ಕೆಲಸ ಮಾಡಿದವನು. ಹಿಕಾರಿ ಎಂದರೆ ಎಲ್ಲರಿಗೂ ಆ ಗುಂಡು ಮೂಗಿನ ನೀಲಿ-ಬಿಳಿ ಗಾಡಿ ಕಣ್ಣಿಗೆ ಬರುತ್ತದೆ. ನನಗೆ ಮಾತ್ರ ಅದು ಮೊದಲು ಹಳಿಯ ಕಥೆ, ಆಮೇಲೆ ರೈಲಿನ ಕಥೆ. ನಿಮ್ಮ ಎರಡನೇ ಪ್ರಶ್ನೆಗೂ ಉತ್ತರ ಆ ಹಳಿಯಲ್ಲೇ ಇದೆ.

ನಿಮ್ಮ ದಾವಣಗೆರೆಯ ಮೇಲೆ ಹಿಂದೆ ಓಡುತ್ತಿದ್ದ ಮೀಟರ್‌ಗೇಜ್ ಗಾಡಿ ನೆನಪಿದೆಯಾ? ತಿರುವು ಬಂದರೆ ನಿಧಾನ, ಎದುರಿಗೆ ಗಾಡಿ ಬಂದರೆ ಕ್ರಾಸಿಂಗ್. ಜಪಾನಿನ ಹಳೆಯ ಹಳಿಗಳೂ ಹೆಚ್ಚುಕಡಿಮೆ ಅದೇ ಅಳತೆಯವು. ಅಗಲ 1,067 ಮಿ.ಮೀ., ಅಂದರೆ ನಮ್ಮ ಮೀಟರ್‌ಗೇಜ್‌ಗಿಂತ ಬರೀ 67 ಮಿ.ಮೀ. ಜಾಸ್ತಿ. ಟೋಕಿಯೋ ಮತ್ತು ಒಸಾಕಾ ನಡುವಿನ ಟೊಕಾಯ್ಡೊ ಮಾರ್ಗವೂ ಇಂಥದ್ದೇ. 1930ರಲ್ಲಿ 'ತ್ಸುಬಾಮೆ' ಎಂಬ ಎಕ್ಸ್‌ಪ್ರೆಸ್ ಆ ದೂರವನ್ನು 8 ಗಂಟೆ 20 ನಿಮಿಷದಲ್ಲಿ ಮುಟ್ಟುತ್ತಿತ್ತು. 1956ರಲ್ಲಿ ಇಡೀ ಮಾರ್ಗಕ್ಕೆ ಕರೆಂಟು ಬಂತು, ಸಮಯ ಏಳೂವರೆ ಗಂಟೆಗೆ ಇಳಿಯಿತು. 1958ರಲ್ಲಿ 'ಕೊದಾಮಾ' ಬಂತು, ಅದು 6 ಗಂಟೆ 50 ನಿಮಿಷ. ಕೊದಾಮಾ ಎಂದರೆ ಪ್ರತಿಧ್ವನಿ. ಬೆಳಿಗ್ಗೆ ಹೋಗಿ ಅದೇ ದಿನ ವಾಪಸ್ ಬರಬಹುದು ಎಂದು ಆ ಹೆಸರು.

ಆ ಹಳಿಯ ಮೇಲೆ ಅದಕ್ಕಿಂತ ಹೆಚ್ಚು ಎಳೆಯಲು ಆಗುತ್ತಿರಲಿಲ್ಲ. ಸಮಸ್ಯೆ ವೇಗದ್ದೊಂದೇ ಅಲ್ಲ, ಜಾಗದ್ದು. ದೇಶದ ರೈಲು ಜಾಲದ ಉದ್ದದಲ್ಲಿ ಟೊಕಾಯ್ಡೊ ಶೇ 3ರಷ್ಟು ಮಾತ್ರ. ಪ್ರಯಾಣಿಕರಲ್ಲೂ ಸರಕಿನಲ್ಲೂ ಸುಮಾರು ನಾಲ್ಕನೇ ಒಂದು ಭಾಗವನ್ನು ಅದೊಂದೇ ಹೊರುತ್ತಿತ್ತು. ಎಕ್ಸ್‌ಪ್ರೆಸ್, ಪ್ಯಾಸೆಂಜರ್, ಗೂಡ್ಸ್ ಎಲ್ಲ ಒಂದರ ಹಿಂದೆ ಒಂದು. ಜೊತೆಗೆ ಊರೂರಿಗೆ ರೈಲ್ವೆ ಗೇಟು.

ಇಲ್ಲಿ ಇಬ್ಬರ ಹೆಸರು ಹೇಳಲೇಬೇಕು. ಒಬ್ಬರು ಸೋಗೊ ಶಿಂಜಿ. 1955ರಲ್ಲಿ ಜಪಾನ್ ರಾಷ್ಟ್ರೀಯ ರೈಲ್ವೆಯ ಅಧ್ಯಕ್ಷರಾದಾಗ ಅವರಿಗೆ 71 ವಯಸ್ಸು. ಗುಡುಗುವ ಅಜ್ಜ ಎಂದೇ ಹೆಸರು. ಇನ್ನೊಬ್ಬರು ಎಂಜಿನಿಯರ್ ಶಿಮಾ ಹಿದೆಯೊ. 1951ರಲ್ಲಿ ಸಾಕುರಾಗಿಚೊ ಸ್ಟೇಷನ್ನಿನಲ್ಲಿ ರೈಲಿಗೆ ಬೆಂಕಿ ಹತ್ತಿ ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಅದಾದ ಮೇಲೆ ಶಿಮಾ ಕೆಲಸ ಬಿಟ್ಟಿದ್ದರು. ಸೋಗೊ ಅವರನ್ನು ವಾಪಸ್ ಕರೆಸಿದರು.

ಶಿಮಾ ಮನೆಯಲ್ಲಿ ಈ ಕನಸು ಹಳೆಯದು. ಅವರ ತಂದೆ ಶಿಮಾ ಯಾಸುಜಿರೊ ಕೂಡ ರೈಲ್ವೆ ಎಂಜಿನಿಯರ್. 1940ರ ಸುಮಾರಿಗೆ ಟೋಕಿಯೋದಿಂದ ಶಿಮೊನೊಸೆಕಿಗೆ ಅಗಲ ಹಳಿಯ ಹೊಸ ಮಾರ್ಗ ಹಾಕುವ ಯೋಜನೆ ನಡೆದಾಗ ಮುಂದೆ ನಿಂತವರು ಅವರು. ಜನ ಅದನ್ನು 'ದಂಗನ್ ರೆಶ್ಶಾ' ಎನ್ನುತ್ತಿದ್ದರು, ಅಂದರೆ ಗುಂಡಿನ ರೈಲು. ಇವತ್ತು ನಾವು 'ಬುಲೆಟ್ ಟ್ರೈನ್' ಎನ್ನುವುದರ ಮೂಲ ಆ ಮಾತು. ಜಪಾನಿನವರು ಈಗ ಹೇಳುವುದು 'ಶಿಂಕಾನ್‌ಸೆನ್', ಹೊಸ ಮುಖ್ಯ ಮಾರ್ಗ ಎಂದರ್ಥ. ಯುದ್ಧ ಬಿರುಸಾದಾಗ ಆ ಯೋಜನೆ ನಿಂತಿತು. ಆದರೆ ಖರೀದಿ ಮಾಡಿದ್ದ ಜಮೀನು ಉಳಿಯಿತು, ಕೊರೆದ ಸುರಂಗ ಉಳಿಯಿತು. ಕನ್ನಾಮಿ ಎಂಬ ಊರಿನಲ್ಲಿ ಆಗ ಸುರಂಗದ ಕೆಲಸಗಾರರ ಬಿಡಾರಗಳಿದ್ದ ಜಾಗಕ್ಕೆ ಇವತ್ತಿಗೂ 'ಶಿಂಕಾನ್‌ಸೆನ್' ಎಂದೇ ಹೆಸರು. ರೈಲು ಬರುವ ಎಷ್ಟೋ ವರ್ಷ ಮೊದಲೇ ಬಂದ ಹೆಸರು ಅದು.

ಹೆಸರಿನ ವಿಷಯ ಬಂದಿದ್ದರಿಂದ ಒಂದು ಕಹಿ ಸಂಗತಿಯನ್ನೂ ಹೇಳಬೇಕು. 1930ರ ದಶಕದಲ್ಲಿ ಕೊರಿಯಾ ಜಪಾನಿನ ಕೈಯಲ್ಲಿತ್ತು. ಆಗ ಬುಸಾನ್‌ನಿಂದ ಮಂಚೂರಿಯಾ ಕಡೆಗೆ ಎರಡು ಎಕ್ಸ್‌ಪ್ರೆಸ್ ರೈಲುಗಳು ಓಡುತ್ತಿದ್ದವು. ಒಂದರ ಹೆಸರು ಹಿಕಾರಿ, ಇನ್ನೊಂದರ ಹೆಸರು ನೊಝೊಮಿ. 1964ರ ಹೆಸರನ್ನು ಆರಿಸಿದ್ದು ಜನರ ಮತದಿಂದ, ಅದರಲ್ಲಿ ಹಿಕಾರಿಗೆ ಎಲ್ಲಕ್ಕಿಂತ ಜಾಸ್ತಿ ಮತ ಬಿತ್ತು. ಹಾಗಿದ್ದರೂ ಹಳೆಯ ನೆನಪು ಆ ಹೆಸರಿನ ಹಿಂದೆ ಇದ್ದೇ ಇದೆ.

ಈಗ ಮುಖ್ಯ ವಿಷಯ. ಟೊಕಾಯ್ಡೊ ಮಾರ್ಗದ ಇಕ್ಕಟ್ಟು ಬಿಡಿಸಲು ಮೂರು ದಾರಿ ಇದ್ದವು. ಇದ್ದ ಹಳಿಯ ಪಕ್ಕದಲ್ಲೇ ಇನ್ನೆರಡು ಹಳಿ ಹಾಕುವುದು. ಬೇರೆ ಕಡೆಯಿಂದ ಅದೇ ಅಳತೆಯ ಮಾರ್ಗ ಹಾಕುವುದು. ಅಥವಾ ಬೇರೆ ಕಡೆಯಿಂದ ಅಗಲ ಹಳಿಯ ಮಾರ್ಗ ಹಾಕುವುದು. ಮೊದಲಿನ ಎರಡಕ್ಕೆ ಬೆಂಬಲ ಜಾಸ್ತಿ ಇತ್ತು. ಖರ್ಚು ಕಡಿಮೆ, ಹಳೆಯ ಗಾಡಿಗಳೂ ಅದರ ಮೇಲೆ ಓಡಬಹುದು. ರಸ್ತೆ, ವಿಮಾನಗಳ ಕಾಲ ಬಂತು, ರೈಲಿಗೆ ಇನ್ನು ದುಡ್ಡು ಹಾಕುವುದೇ ದಂಡ ಎನ್ನುವವರೂ ಇದ್ದರು. ಸೋಗೊ ಮೂರನೆಯದಕ್ಕೆ ಪಟ್ಟು ಹಿಡಿದರು. 1,435 ಮಿ.ಮೀ. ಅಗಲದ ಹಳಿ. (ನಮ್ಮ ಬ್ರಾಡ್‌ಗೇಜ್ 1,676, ಅದಕ್ಕಿಂತಲೂ ಅಗಲ. ಹಳಿ ಅಗಲ ಇದ್ದರಷ್ಟೇ ವೇಗ ಬರುವುದಿಲ್ಲ ಎನ್ನುವುದಕ್ಕೆ ನಾವೇ ಸಾಕ್ಷಿ.) ಹೊಸ ಮಾರ್ಗದಲ್ಲಿ ಒಂದೂ ರೈಲ್ವೆ ಗೇಟು ಇರಬಾರದು. ತಿರುವುಗಳ ತ್ರಿಜ್ಯ 2,500 ಮೀಟರ್ ಆಸುಪಾಸು ಇರಬೇಕು. ಅದರ ಮೇಲೆ ಬೇರೆ ಯಾವ ಗಾಡಿಯೂ ಬರಬಾರದು.

ನನ್ನ ಪ್ರಕಾರ ಹಿಕಾರಿ ಹುಟ್ಟಿದ್ದು ಈ ತೀರ್ಮಾನದಲ್ಲೇ. ಗಾಡಿಯಲ್ಲಿದ್ದ ತಾಂತ್ರಿಕತೆಯಲ್ಲಿ ಪೂರ್ತಿ ಹೊಸದು ಅನ್ನುವಂಥದ್ದು ಕಡಿಮೆ. ವಿಶ್ವಬ್ಯಾಂಕಿನ ಮುಂದೆ ಜಪಾನ್ ಇದನ್ನೇ ಹೇಳಿಕೊಂಡಿತು: ಇದು ಪ್ರಯೋಗವಲ್ಲ, ಈಗಾಗಲೇ ಪರೀಕ್ಷೆಯಲ್ಲಿ ಗೆದ್ದ ವಸ್ತುಗಳನ್ನು ಒಂದು ಕಡೆ ಸೇರಿಸುತ್ತಿದ್ದೇವೆ ಅಷ್ಟೇ. 1961ರಲ್ಲಿ ಬ್ಯಾಂಕು 8 ಕೋಟಿ ಡಾಲರ್ ಸಾಲ ಕೊಟ್ಟಿತು. ಆ ಸಾಲದಿಂದ ದುಡ್ಡಿಗಿಂತ ದೊಡ್ಡ ಉಪಕಾರ ಇನ್ನೊಂದಾಯಿತು. ಹೊರಗಿನವರಿಗೆ ಮಾತು ಕೊಟ್ಟ ಮೇಲೆ ಯಾವ ಸರ್ಕಾರ ಬಂದರೂ ಕೆಲಸ ಅರ್ಧಕ್ಕೆ ನಿಲ್ಲಿಸುವ ಹಾಗಿರಲಿಲ್ಲ. 1981ರಲ್ಲಿ ಸಾಲ ಪೂರ್ತಿ ತೀರಿತು.

ಗಾಡಿ ಮಾಡಿದವರ ಕಥೆಯೂ ದೊಡ್ಡದೇ. ಯುದ್ಧ ಸೋತ ಜಪಾನಿಗೆ ವಿಮಾನ ಮಾಡುವ ಅನುಮತಿ ಇರಲಿಲ್ಲ. ಕೆಲಸ ಕಳೆದುಕೊಂಡ ಎಂಜಿನಿಯರುಗಳು ರೈಲ್ವೆಯ ಸಂಶೋಧನಾ ಸಂಸ್ಥೆಗೆ ಬಂದರು. ಮಿಕಿ ತದನಾವೊ ನೌಕಾಪಡೆಗೆ ವಿಮಾನ ವಿನ್ಯಾಸ ಮಾಡುತ್ತಿದ್ದವರು, ಗಾಳಿ ಸೀಳುವ ಮೂಗಿನ ಕೆಲಸ ಅವರದು. ಮತ್ಸುದೈರಾ ತದಾಶಿ ಯುದ್ಧ ವಿಮಾನಗಳ ರೆಕ್ಕೆ ಅದುರುವುದನ್ನು ಅಧ್ಯಯನ ಮಾಡಿದ್ದವರು. ವೇಗ ಹೆಚ್ಚಾದ ಹಾಗೆ ರೈಲಿನ ಚಕ್ರಗಳು ಎರಡು ಹಳಿಯ ನಡುವೆ ಹಾವಿನ ಹಾಗೆ ಬಳುಕಲು ಶುರುಮಾಡುತ್ತವೆ. ಬಳುಕು ಮಿತಿ ಮೀರಿದರೆ ಗಾಡಿ ಹಳಿ ತಪ್ಪುತ್ತದೆ. ರೆಕ್ಕೆಯ ಅದುರಾಟಕ್ಕೂ ಇದಕ್ಕೂ ಲೆಕ್ಕ ಒಂದೇ ಎಂದು ಕಂಡುಕೊಂಡು ಅದನ್ನು ಹಿಡಿತಕ್ಕೆ ತಂದವರು ಅವರು. ಕವನಾಬೆ ಹಾಜಿಮೆ ಸಿಗ್ನಲ್ ನೋಡಿಕೊಂಡರು. 200 ಕಿ.ಮೀ. ವೇಗದಲ್ಲಿ ಕಂಬದ ಮೇಲಿನ ದೀಪ ಓದಲು ಆಗುವುದಿಲ್ಲ, ಅಲ್ವಾ? ಹಾಗಾಗಿ ಎಷ್ಟು ವೇಗದಲ್ಲಿ ಹೋಗಬೇಕು ಎನ್ನುವುದು ಹಳಿಯ ಮೂಲಕವೇ ಚಾಲಕನ ಕೋಣೆಗೆ ಬರುವ ವ್ಯವಸ್ಥೆ ಮಾಡಿದರು. ಮೀರಿದರೆ ಬ್ರೇಕ್ ತಾನಾಗಿ ಬೀಳುತ್ತದೆ.

1957ರ ಮೇ 30ರಂದು ಟೋಕಿಯೋದ ಗಿಂಜಾದಲ್ಲಿ ಈ ಸಂಸ್ಥೆಯವರು ಒಂದು ಸಾರ್ವಜನಿಕ ಉಪನ್ಯಾಸ ಇಟ್ಟರು. ಟೋಕಿಯೋದಿಂದ ಒಸಾಕಾಗೆ ಮೂರು ಗಂಟೆಯಲ್ಲಿ ಹೋಗಬಹುದು ಎಂದು ಲೆಕ್ಕ ಹಾಕಿ ತೋರಿಸಿದರು. ಆಗ ರೈಲಿಗೆ ಏಳೂವರೆ ಗಂಟೆ ಹಿಡಿಯುತ್ತಿತ್ತು ಎಂಬುದನ್ನು ನೆನಪಿಡಿ. ಯೋಜನೆಗೆ ಜನರ ಒಲವು ಬಂದಿದ್ದು ಅಲ್ಲಿಂದ.

ಶಿಮಾ ಇನ್ನೊಂದು ಮುಖ್ಯ ಆಯ್ಕೆ ಮಾಡಿದರು. ಮುಂದೆ ಒಂದು ಭಾರಿ ಎಂಜಿನ್ ಇಟ್ಟು ಬೋಗಿಗಳನ್ನು ಎಳೆಸಲಿಲ್ಲ. 12 ಬೋಗಿ, ಬೋಗಿಗೆ ನಾಲ್ಕು ಅಚ್ಚು, ಪ್ರತಿ ಅಚ್ಚಿಗೂ 185 ಕಿಲೋವ್ಯಾಟಿನ ಒಂದು ಮೋಟಾರ್. ಒಟ್ಟು 48 ಮೋಟಾರ್. ಭಾರ ಎಲ್ಲ ಕಡೆ ಹಂಚಿಹೋಗುವುದರಿಂದ ಹಳಿಗೆ, ಸೇತುವೆಗೆ, ಮೆತ್ತನೆಯ ನೆಲಕ್ಕೆ ಪೆಟ್ಟು ಕಡಿಮೆ. ಹಳಿ ನೋಡಿಕೊಂಡವನಾಗಿ ಈ ಒಂದು ತೀರ್ಮಾನಕ್ಕೆ ನಾನು ಕೈಮುಗಿಯುತ್ತೇನೆ.

1959ರ ಏಪ್ರಿಲ್ 20ರಂದು, ಯುದ್ಧದಲ್ಲಿ ನಿಂತುಹೋಗಿದ್ದ ಶಿನ್-ತನ್ನಾ ಸುರಂಗದ ಬಾಯಲ್ಲೇ ಕೆಲಸಕ್ಕೆ ಗುದ್ದಲಿ ಪೂಜೆಯಾಯಿತು. 1963ರ ಮಾರ್ಚ್‌ನಲ್ಲಿ ಪರೀಕ್ಷಾ ರೈಲು 256 ಕಿ.ಮೀ. ವೇಗ ಮುಟ್ಟಿತು. ಪರೀಕ್ಷೆಯಲ್ಲಿ ಸುರಂಗದ ತೊಂದರೆ ಗೊತ್ತಾಯಿತು. ವೇಗವಾಗಿ ಸುರಂಗಕ್ಕೆ ನುಗ್ಗಿದರೆ ಒಳಗಿನ ಗಾಳಿಯ ಒತ್ತಡ ಏರುಪೇರಾಗಿ ಕಿವಿ ಗುಂಯ್‌ಗುಡುತ್ತದೆ. ಅದಕ್ಕೆ ಜನ ಕೂರುವ ಭಾಗವನ್ನು ಗಾಳಿ ಆಡದ ಹಾಗೆ ಬಿಗಿ ಮಾಡಿದರು. ಬಾಗಿಲ ಬಳಿಯ ಜಾಗ, ಶೌಚಾಲಯ ಬಿಟ್ಟುಹೋಯಿತು. ರೈಲು ಸುರಂಗದಲ್ಲಿದ್ದಾಗ ಶೌಚಾಲಯದ ನೀರು ಮೇಲಕ್ಕೆ ಚಿಮ್ಮಿದ ಮೇಲೆ ಅದನ್ನೂ ಸರಿಮಾಡಿದರು.

ಖರ್ಚು ಮಾತ್ರ ಕೈಮೀರಿತು. ಮಂಜೂರಾಗಿದ್ದು ಸುಮಾರು 19,700 ಕೋಟಿ ಯೆನ್. ಕೊನೆಗೆ ಆಗಿದ್ದು ಸುಮಾರು 38,000 ಕೋಟಿ. ನಿಜವಾದ ಲೆಕ್ಕ ಕೊಟ್ಟರೆ ಸಂಸತ್ತು ಒಪ್ಪುವುದಿಲ್ಲ ಎಂದು ಸೋಗೊ ಬೇಕೆಂದೇ ಕಡಿಮೆ ಮೊತ್ತ ತೋರಿಸಿದ್ದರು. ಇದು ಸರಿಯಾ? ಸಾರ್ವಜನಿಕರ ದುಡ್ಡಿನ ವಿಷಯದಲ್ಲಿ ನಾನು ಸರಿ ಎನ್ನಲಾರೆ. ನಿಜ ಹೇಳಿದ್ದರೆ ಆ ಹಳಿ ಬೀಳುತ್ತಿರಲಿಲ್ಲ ಎನ್ನುವುದೂ ಅಷ್ಟೇ ಸತ್ಯ. 1963ರ ಮೇ ತಿಂಗಳಲ್ಲಿ ಅವರು ಅಧ್ಯಕ್ಷ ಸ್ಥಾನ ಬಿಡಬೇಕಾಯಿತು. ಶಿಮಾ ಕೂಡ ಜೊತೆಯಲ್ಲೇ ಹೊರಬಂದರು. ಮರು ವರ್ಷ ಮೊದಲ ಹಿಕಾರಿ ಹೊರಡುವಾಗ ಪ್ಲಾಟ್‌ಫಾರ್ಮಿನಲ್ಲಿ ರಿಬ್ಬನ್ ಕತ್ತರಿಸಿದ್ದು ಹೊಸ ಅಧ್ಯಕ್ಷರು. ಆ ಬೆಳಗಿನ ಸಮಾರಂಭಕ್ಕೆ ಇವರಿಬ್ಬರಿಗೂ ಕರೆ ಇರಲಿಲ್ಲ. ಸೋಗೊ ಮನೆಯಲ್ಲಿ ಕೂತು ಟಿ.ವಿ.ಯಲ್ಲಿ ನೋಡಿದರು. ಎಷ್ಟು ಸಲ ನೆನೆದರೂ ನನಗೆ ಸಂಕಟವಾಗುತ್ತದೆ.

ಇಷ್ಟೆಲ್ಲ ಆದರೂ ಮೊದಲ ವರ್ಷ ಹಿಕಾರಿ ಒಸಾಕಾ ಮುಟ್ಟಲು 4 ಗಂಟೆ ತಗೊಂಡಿತು. ಮೂರು ಗಂಟೆಯ ಲೆಕ್ಕ ಎಲ್ಲಿ ಹೋಯಿತು? ಹಳಿಯ ಕೆಳಗಿನ ಮಣ್ಣಿನಲ್ಲಿ. ಹೊಸದಾಗಿ ಏರಿ ಹಾಕಿದ ಮಣ್ಣು ಮಳೆ ಬಿಸಿಲು ಕಂಡು, ಗಾಡಿಗಳ ಭಾರ ಹೊತ್ತು ಕೂತುಕೊಳ್ಳಬೇಕು. ಅಲ್ಲಿಯವರೆಗೆ ಅವಸರ ಮಾಡಬಾರದು. ಅದಕ್ಕೇ ಹಲವು ಕಡೆ ವೇಗ ತಗ್ಗಿಸಿ ಓಡಿಸಿದರು. ಒಂದು ವರ್ಷ ಕಾದು, 1965ರ ನವೆಂಬರ್ 1ರಿಂದ 515 ಕಿ.ಮೀ. ದೂರವನ್ನು 3 ಗಂಟೆ 10 ನಿಮಿಷಕ್ಕೆ ಇಳಿಸಿದರು. ನಡುವೆ ನಿಲ್ಲುತ್ತಿದ್ದುದು ನಗೋಯಾ, ಕ್ಯೋಟೋ ಎರಡೇ ಕಡೆ. ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಗಾಡಿಗೆ ಹಳೆಯ ಕೊದಾಮಾ ಹೆಸರನ್ನೇ ಇಟ್ಟಿದ್ದರು. ಆಗ ದಾರಿಯಲ್ಲಿ ನಿಂತು ಕಾಯುತ್ತಿದ್ದುದು ಕೊದಾಮಾ. ಭರ್ರನೆ ಹೋಗುತ್ತಿದ್ದುದು ಹಿಕಾರಿ.

ಚಳಿಗಾಲದಲ್ಲಿ ಇನ್ನೊಂದು ಪಾಠ ಕಾದಿತ್ತು. ಸೆಕಿಗಹಾರಾ ಎಂಬ ಕಡೆ ಹಿಮ ಜಾಸ್ತಿ. ರೈಲಿನ ಹೊಟ್ಟೆಗೆ ಅಂಟಿಕೊಂಡ ಹಿಮ ಮುಂದೆ ಗಟ್ಟಿಯಾಗಿ ಕಳಚಿ ಬಿದ್ದು, ಹಳಿಯ ಜಲ್ಲಿಯನ್ನು ಚಿಮ್ಮಿಸಿ, ಕಿಟಕಿ ಗಾಜು ಒಡೆಯುತ್ತಿತ್ತು. ಹಿಮ ಏಳದಂತೆ ಹಳಿಗೆ ನೀರು ಚಿಮುಕಿಸುವ ಏರ್ಪಾಡು ಮಾಡಿದರು. ಇವತ್ತಿಗೂ ಹಿಮ ಬಿದ್ದ ದಿನ ಅಲ್ಲಿ ರೈಲು ನಿಧಾನ.

ಆಮೇಲಿನ ಹತ್ತು ವರ್ಷ ಹಿಕಾರಿಯದೇ. 1970ರ ಒಸಾಕಾ ವಸ್ತುಪ್ರದರ್ಶನಕ್ಕೆ ಹಿಕಾರಿಯ ಬೋಗಿ 12ರಿಂದ 16 ಆದವು. ಮಾರ್ಗ 1972ರಲ್ಲಿ ಒಕಾಯಾಮಾಗೆ, 1975ರ ಮಾರ್ಚ್ 10ಕ್ಕೆ ಹಕಾತಾಗೆ ಬೆಳೆಯಿತು. ದೂರದ ಪ್ರಯಾಣ ಎಂದು ಊಟದ ಬೋಗಿ ಬಂತು. ತಿಂಡಿ ಮಾರುವ ಬೋಗಿಯಲ್ಲಿ ವೇಗ ತೋರಿಸುವ ಮೀಟರ್ ಇತ್ತು. ಮುಳ್ಳು 210ಕ್ಕೆ ಬರುವುದನ್ನು ನೋಡುವುದೇ ಮಕ್ಕಳಿಗೆ ಹಬ್ಬ.

ಹಳಿಯ ಪಕ್ಕ ಮನೆ ಇದ್ದವರಿಗೆ ಇದು ಹಬ್ಬವಾಗಿರಲಿಲ್ಲ. ಕೆಲವೇ ನಿಮಿಷಕ್ಕೊಮ್ಮೆ ಗಾಡಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ. ಗೋಡೆ ಅದುರುತ್ತಿತ್ತು, ಮಗು ಮಲಗುತ್ತಿರಲಿಲ್ಲ. 1974ರಲ್ಲಿ ನಗೋಯಾದ 575 ಜನ ರಾಷ್ಟ್ರೀಯ ರೈಲ್ವೆಯ ಮೇಲೆ ಕೋರ್ಟಿಗೆ ಹೋದರು. ಮರು ವರ್ಷ ಸರ್ಕಾರ ಶಿಂಕಾನ್‌ಸೆನ್ ಸದ್ದಿಗೆ ಮಿತಿ ಹಾಕಿತು, ಮನೆಗಳಿರುವ ಕಡೆ 70 ಡೆಸಿಬಲ್. ಕೇಸು ರಾಜಿಯಲ್ಲಿ ಮುಗಿದಿದ್ದು 1986ರಲ್ಲಿ, 12 ವರ್ಷದ ಮೇಲೆ. ಇವತ್ತಿನ ರೈಲುಗಳ ಉದ್ದ ಮೂತಿ, ನುಣುಪು ಮೈ, ಹಗುರ ಬೋಗಿ ಇವೆಲ್ಲದರ ಹಿಂದೆ ಆ ಮನೆಯವರ ಹಟವೂ ಇದೆ. ಶಿಂಕಾನ್‌ಸೆನ್ ಹೊಗಳುವವರು ಅವರನ್ನು ಮರೆಯಬಾರದು.

ರೈಲ್ವೆಯ ಸಾಲ ಬೆಳೆಯುತ್ತಿತ್ತು, ಮುಷ್ಕರ, ದರ ಏರಿಕೆ ಬೇರೆ. ಇಪ್ಪತ್ತು ವರ್ಷ ಹಿಕಾರಿಯ ಸಮಯ 3 ಗಂಟೆ 10 ನಿಮಿಷದಲ್ಲೇ ನಿಂತುಬಿಟ್ಟಿತು. 1985ರಲ್ಲಿ ಎರಡು ಅಂತಸ್ತಿನ ಬೋಗಿ ಇದ್ದ ಹೊಸ ಗಾಡಿ ಬಂತು. ಮರು ವರ್ಷ ವೇಗ 220ಕ್ಕೆ ಏರಿತು, ಸಮಯ ಮೂರು ಗಂಟೆಯೊಳಗೆ ಬಂತು. 1987ರಲ್ಲಿ ರಾಷ್ಟ್ರೀಯ ರೈಲ್ವೆಯನ್ನು ಒಡೆದು ಕಂಪನಿಗಳನ್ನಾಗಿ ಮಾಡಿದರು. ಟೊಕಾಯ್ಡೊ ಶಿಂಕಾನ್‌ಸೆನ್ ಜೆಆರ್ ಸೆಂಟ್ರಲ್ ಪಾಲಿಗೆ ಬಂತು. 1989ರ 'ಗ್ರ್ಯಾಂಡ್ ಹಿಕಾರಿ'ಯಲ್ಲಿ ನಾಲ್ಕು ಬೋಗಿಗಳು ಎರಡಂತಸ್ತಿನವು, ಊಟ ಮಾಡುತ್ತಾ ಮೇಲಿನಿಂದ ಫ್ಯೂಜಿ ಬೆಟ್ಟ ನೋಡಬಹುದಿತ್ತು. ಹಿಕಾರಿಯ ವೈಭವದ ದಿನ ಯಾವುದು ಎಂದು ಕೇಳಿದರೆ ನಾನು ಅದನ್ನೇ ಹೇಳುತ್ತೇನೆ.

ಆದರೆ ಕಂಪನಿ ಪೈಪೋಟಿ ನಡೆಸಬೇಕಿದ್ದುದು ವಿಮಾನದ ಜೊತೆ. 1992ರ ಮಾರ್ಚ್ 14ರಂದು ನೊಝೊಮಿ ಬಂತು. 270 ಕಿ.ಮೀ. ವೇಗ, ಒಸಾಕಾಗೆ ಎರಡೂವರೆ ಗಂಟೆ. ಬೆಳಗಿನ ಮೊದಲ ನೊಝೊಮಿ ನಗೋಯಾದಲ್ಲೂ ನಿಲ್ಲದೆ ಹೋಯಿತು, ಆ ಊರಿನವರು ಸಿಟ್ಟಾದರು. ಶುರುವಿನಲ್ಲಿ ನೊಝೊಮಿ ದಿನಕ್ಕೆ ಬೆರಳೆಣಿಕೆಯಷ್ಟು. 2003ರ ಅಕ್ಟೋಬರ್‌ನಲ್ಲಿ ಶಿನಗಾವಾ ಸ್ಟೇಷನ್ ತೆರೆದಾಗ ವೇಳಾಪಟ್ಟಿಯನ್ನೇ ತಿರುವಿ ಹಾಕಿದರು. ನೊಝೊಮಿ ಮುಖ್ಯ ಗಾಡಿಯಾಯಿತು, ಹಿಕಾರಿ ಎರಡನೆಯದಾಯಿತು. 2020ರಲ್ಲಿ ದಟ್ಟಣೆಯ ಹೊತ್ತಿನಲ್ಲಿ ಗಂಟೆಗೆ 12 ನೊಝೊಮಿ ಬಿಡಲು ಆಗುವ ಹಾಗಾಯಿತು. ಹಿಕಾರಿ ಎರಡು.

ಈಗ ನೀವು ಕಂಡ ದೃಶ್ಯಕ್ಕೆ ಬರೋಣ. ನೀವು ಕೂತಿದ್ದ ಗಾಡಿಯೂ ಪಕ್ಕದಲ್ಲಿ ಹಾದುಹೋದ ಗಾಡಿಯೂ ಒಂದೇ ಜಾತಿಯವು. 2020ರಿಂದ ಈ ಮಾರ್ಗದಲ್ಲಿ ಎನ್700 ಕುಟುಂಬದ ಗಾಡಿಗಳು ಮಾತ್ರ ಓಡುತ್ತವೆ, ಎಲ್ಲವೂ 285 ಕಿ.ಮೀ. ಮುಟ್ಟುತ್ತವೆ. ಹಿಕಾರಿಗೆ ಶಕ್ತಿ ಕಡಿಮೆ ಏನಿಲ್ಲ, ನಿಲ್ಲುವ ಊರು ಜಾಸ್ತಿ, ಅಷ್ಟೇ. ಹೋಗಲು ಒಂದು ಹಳಿ, ಬರಲು ಒಂದು ಹಳಿ. ಹಿಂದಿನಿಂದ ನಾಲ್ಕೈದು ನಿಮಿಷಕ್ಕೊಂದು ನೊಝೊಮಿ ಬರುತ್ತಿರುತ್ತದೆ. ನಿಲ್ಲುವ ಗಾಡಿ ಪಕ್ಕದ ಹಳಿಗೆ ಸರಿದು ಪ್ಲಾಟ್‌ಫಾರ್ಮಿಗೆ ಬರುತ್ತದೆ, ಓಡುವ ಗಾಡಿ ನಡುವಿನ ಹಳಿಯಲ್ಲಿ ನೇರ ಹೋಗುತ್ತದೆ. ನೀವು ಐದು ನಿಮಿಷ ನಿಂತಿದ್ದಿರಲ್ಲ, ಅದು ಮೊದಲೇ ವೇಳಾಪಟ್ಟಿಯಲ್ಲಿ ಬರೆದಿಟ್ಟ ಐದು ನಿಮಿಷ. ನಮ್ಮ ಕಡೆಯ ಕ್ರಾಸಿಂಗ್‌ನ ಹಾಗೆ ಎಷ್ಟು ಹೊತ್ತೋ ಗೊತ್ತಿಲ್ಲದೆ ಕಾಯುವುದಲ್ಲ. ಇಷ್ಟು ಒತ್ತೊತ್ತಾಗಿ ಓಡಿಸಿಯೂ ಈ ಮಾರ್ಗದಲ್ಲಿ ಡಿಕ್ಕಿಯಿಂದಾಗಲಿ ಹಳಿ ತಪ್ಪಿಯಾಗಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ. ಬೇರೆ ದುರಂತ ನಡೆದಿವೆ. 1995ರಲ್ಲಿ ಮಿಶಿಮಾ ಸ್ಟೇಷನ್ನಿನಲ್ಲಿ ಕೊದಾಮಾ ಬಾಗಿಲಿಗೆ ಸಿಕ್ಕಿ ಒಬ್ಬ ವಿದ್ಯಾರ್ಥಿ ತೀರಿಕೊಂಡ. ರಾತ್ರಿ 12ರಿಂದ ಬೆಳಿಗ್ಗೆ 6ರವರೆಗೆ ಒಂದೂ ಗಾಡಿ ಓಡುವುದಿಲ್ಲ. ಆ ಹೊತ್ತು ಹಳಿಯವರದು.

ನಿಮ್ಮ ಪಾಸಿನ ವಿಷಯ: ಪ್ರವಾಸಿಗಳ ಪಾಸಿನಲ್ಲಿ 2023ರ ಅಕ್ಟೋಬರ್‌ವರೆಗೆ ನೊಝೊಮಿ ಹತ್ತುವ ಹಾಗೇ ಇರಲಿಲ್ಲ. ಈಗ ಬೇರೆ ದುಡ್ಡು ಕಟ್ಟಿದರೆ ಬಿಡುತ್ತಾರೆ. ನಿಮಗೆ ಅವಸರ ಇಲ್ಲದಿದ್ದರೆ ನಾನು ಹಿಕಾರಿಯನ್ನೇ ಹೇಳುತ್ತೇನೆ. ಶಿಜುಓಕಾ ಪ್ರಾಂತ್ಯದಲ್ಲಿ ಆರು ಶಿಂಕಾನ್‌ಸೆನ್ ಸ್ಟೇಷನ್ ಇವೆ, ಒಂದರಲ್ಲೂ ನೊಝೊಮಿ ನಿಲ್ಲುವುದಿಲ್ಲ. ಶಿಜುಓಕಾ, ಹಮಾಮತ್ಸು ಊರಿನವರಿಗೆ ಹಿಕಾರಿಯೇ ವೇಗದ ಗಾಡಿ. 1964ರಲ್ಲಿ ಆ ಊರುಗಳನ್ನು ನೋಡದೆ ಹೋಗುತ್ತಿದ್ದ ರೈಲು ಈಗ ಅವರಿಗಾಗಿ ನಿಲ್ಲುತ್ತದೆ. ಅದನ್ನು ನಾನು ಇಳಿಕೆ ಎಂದು ಕರೆಯುವುದಿಲ್ಲ.

ಮುಂದಿನ ಸಲ ಹೋದಾಗ ಗಾಡಿ ಹೊರಡುವುದಕ್ಕೆ ಹತ್ತು ನಿಮಿಷ ಮುಂಚೆ ಟೋಕಿಯೋ ಸ್ಟೇಷನ್ನಿಗೆ ಬನ್ನಿ. 18 ಮತ್ತು 19ನೇ ಪ್ಲಾಟ್‌ಫಾರ್ಮಿನ ದಕ್ಷಿಣದ ತುದಿಗೆ ನಡೆದರೆ ಸೋಗೊ ಅವರ ಮುಖದ ಕಂಚಿನ ಫಲಕ ಇದೆ. 1973ರಲ್ಲಿ ಇಟ್ಟಿದ್ದು. ಆ ಕಡೆ ಜನ ಕಡಿಮೆ. ನೋಡಿಕೊಂಡು ಬಂದು ಬಲಗಡೆಯ ಕಿಟಕಿ ಸೀಟಿನಲ್ಲಿ ಕೂರಿ. ಮೋಡ ಇಲ್ಲದಿದ್ದರೆ ಮುಕ್ಕಾಲು ಗಂಟೆಯೊಳಗೆ ಫ್ಯೂಜಿ ಕಾಣುತ್ತದೆ.